ಕಣದ ಅಂಚಿನ ಬೂಟು

ಮೊದಲು ಬರಬೇಕಾದವನು ಬರಲೇ ಇಲ್ಲ.

ದೇವಣಗಾಂವದ ಅಗಸಿ ಬಾಗಿಲ ಮುಂದೆ ಕೆಂಪು ರಿಬ್ಬನ್ನು ಹಿಡಿದು ನಿಂತಿದ್ದ ಹುಡುಗಿಯರ ಕೈ ಸೋತಿತ್ತು. ಹಲಗೆ ಬಾರಿಸುವವರು ಮತ್ತೊಮ್ಮೆ ಬೆಂಕಿ ಹಾಕಿ ಹಲಗೆ ಕಾಯಿಸಿಕೊಂಡರು. ಸಂಕ್ರಮಣದ ಮರುದಿನದ ಬಿಸಿಲು ಏರುತ್ತಿತ್ತು. ಊರಿಗೆ ಊರೇ ರಸ್ತೆಯ ಎರಡೂ ಬದಿಗೆ ನಿಂತು ಕತ್ತು ಚಾಚಿತ್ತು. ಎಲ್ಲರ ಬಾಯಲ್ಲೂ ಒಂದೇ ಹೆಸರು, ಶಾನವಾಜ.

ಪಿಎಸ್ಐ ಪ್ರಿಯದರ್ಶಿನಿ ಬಂದೋಬಸ್ತಿಗೆ ಬಂದವಳು ಬಂದೋಬಸ್ತು ಮರೆತು ತುದಿಗಾಲಲ್ಲಿ ನಿಂತಿದ್ದಳು. ಬಸವನ ಬಾಗೇವಾಡಿಯ ಹೆಣ್ಣುಮಗಳು. ಕಾಲೇಜಿನಲ್ಲಿ ತಾನೂ ಓಡಿದವಳು, ಓಡಿದ್ದರಲ್ಲೆಲ್ಲ ಸೋತವಳು. ಹೀಗೆ ಸೋತವರಿಗೇ ಓಟದ ಹುಚ್ಚು ಜಾಸ್ತಿ. ಶಾನವಾಜ ಓಡುತ್ತಾನೆಂದು ಗೊತ್ತಾದ ಮೇಲೆ ಬೇರೆ ಯಾರನ್ನೂ ಕಳಿಸದೆ ತಾನೇ ಜೀಪು ಹತ್ತಿದ್ದಳು.

ಶಾನವಾಜ ಅಂದರೆ ಸಾಮಾನ್ಯನಲ್ಲ. ಕನ್ನೊಳ್ಳಿಯ ರೈತನ ಮಗ. ದೇಶದ ಹೆಸರಿನ ಬನಿಯನ್ನು ತೊಟ್ಟು ಸಮುದ್ರದಾಚೆ ಓಡಿ ಬಂದವ. ವಯಸ್ಸಾಯಿತು, ದೊಡ್ಡ ಓಟಗಳಿಗೆ ಶರಣು ಹೊಡೆದು ಊರಿಗೆ ಮರಳಿದ. ಇನ್ನು ಹೊಲ ಮನೆ ನೋಡಿಕೊಂಡು ಇರುತ್ತಾನೆ ಎಂದುಕೊಂಡರೆ ಒಂದು ದಿನ ಇಂಡಿ ಪಟ್ಟಣದ ಸಣ್ಣ ಓಟಕ್ಕೆ ಬಂದು ಹುಡುಗರ ಸಾಲಿನಲ್ಲಿ ನಿಂತುಬಿಟ್ಟ. ನಿಂತ, ಓಡಿದ, ಗೆದ್ದ. ಆಮೇಲೆ ಮುದ್ದೇಬಿಹಾಳ. ಆಮೇಲೆ ಬಾಗೇವಾಡಿ. ಎಲ್ಲ ಕಡೆ ಗೆದ್ದದ್ದನ್ನು ಅಲ್ಲಿಯ ಶಾಲೆಗೇ ಕೊಟ್ಟು ಬಂದ. ಜನ ಹುಚ್ಚಾಗಿ ಹೋದರು. ಹುಡುಗರಲ್ಲಿ ಕೆಲವರು ಮಾತ್ರ ಒಳಗೊಳಗೇ ಕುದಿದರು. ದೊಡ್ಡ ಹೋರಿ ಬಂದು ಕರುಗಳ ಮೇವು ತಿನ್ನುತ್ತಿದೆ ಎಂದು ಇಂಡಿ ಊರಿನ ಸಂಗಮೇಶ ಎಲ್ಲರೆದುರೇ ಅಂದಿದ್ದ.

ಅಷ್ಟರಲ್ಲಿ ಪೈಲಟ್ ಬೈಕು ಬಂತು. ಅದರ ಹಿಂದೆ ಯಾರೂ ಇರಲಿಲ್ಲ. ರಸ್ತೆಗೆ ಕುರಿಹಿಂಡು ಅಡ್ಡ ಬಂದಿತ್ತು, ಬಿಡಿಸಲು ಮುಂದೆ ಬಂದೆ, ಶಾನವಾಜ ನನ್ನ ಬೆನ್ನಿಗೇ ಇದ್ದ ಎಂದು ಬೈಕಿನವನು ತಡವರಿಸಿದ.

ತಿರುವಿನಲ್ಲಿ ಧೂಳೆದ್ದಿತು. ಹಲಗೆ ಗಡಗಡಿಸಿತು. ಓಡಿ ಬಂದವನು ಶಾನವಾಜ ಅಲ್ಲ, ಕಾಂತು. ಇದೇ ಊರಿನ ಹುಡುಗ. ಮೈಯೆಲ್ಲ ಬೆವರು, ಕಾಲು ಬರಿಗಾಲು. ರಿಬ್ಬನ್ನು ಎದೆಗೆ ತಾಗಿದ್ದೂ ಅವನಿಗೆ ತಿಳಿಯಲಿಲ್ಲ.

"ಶಾನವಾಜ ಸರ್ ಎಲ್ಲದಾರ್ರಿ? ಯಾವಾಗ ಬಂದ್ರು?" ಎಂದ.

ಪ್ರಿಯದರ್ಶಿನಿ ಆಗಲೇ ಜೀಪಿನತ್ತ ಓಡುತ್ತಿದ್ದಳು.

* * *

ಶಾನವಾಜ ಸಿಕ್ಕಿದ್ದು ತಿಪ್ಪವ್ವನ ಕಣದಲ್ಲಿ.

ಊರಿಂದ ತುಸು ದೂರ, ರಸ್ತೆಯ ಪಕ್ಕದ ಬೇವಿನ ಮರದ ಹಿಂದೆ ಆ ಕಣ. ಸುತ್ತ ತೊಗರಿಕಟ್ಟಿಗೆಯ ಬಣವೆ ಒಟ್ಟಿದ್ದರು. ಒಳಗೆ ಹೋಗಲು ರಸ್ತೆಯ ಕಡೆ ಒಂದೇ ಸಂದು. ಓಟ ನೋಡಲು ಊರೊಳಗೆ ಹೋಗಿದ್ದ ತಿಪ್ಪವ್ವ ಬಿಸಿಲು ತಾಳದೆ ಬೇಗ ಮರಳಿದ್ದಳು. ಅವಳ ಕೂಗು ಜೀಪಿನ ಸದ್ದನ್ನೂ ಮೀರಿ ಕೇಳಿಸಿತು.

ಸಗಣಿ ಸಾರಿಸಿದ ಕಣದ ನಡುವೆ ಅವನು ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ತೊಗರಿ ಬಡಿಯುವ ಬಡಿಗೆ. ಪ್ರಿಯದರ್ಶಿನಿ ಓಡಿಹೋಗಿ ಮಂಡಿಯೂರಿ ಮೂಗಿನ ಬಳಿ ಕೈ ಹಿಡಿದಳು. ಉಸಿರಿತ್ತು. ಅವಳ ಜೀವವೂ ಮರಳಿ ಬಂದಂತಾಯಿತು. ಓಟದ ಹಿಂದೆ ಬರುತ್ತಿದ್ದ ಆಂಬುಲೆನ್ಸು ಅಲ್ಲೇ ಸಿಕ್ಕಿತು. ಹೆಡ್ ಕಾನ್ಸ್ಟೇಬಲ್ ಗೈಬುಸಾಬ ಮತ್ತು ಅವಳು ಸೇರಿ ಅವನನ್ನು ಎತ್ತಿ ಹಾಕಿದರು. ಗಾಡಿ ಸಿಂದಗಿಯತ್ತ ಹಾರಿತು.

ಅದು ಕಣ್ಮರೆಯಾದ ಮೇಲೆ ತಿಪ್ಪವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೇಡಮ್ಮಾರ, ಜೀವದ ಮಾತಿತ್ತು, ಅದಕ್ಕ ಸುಮ್ಮನಿದ್ದೆ. ಈಗರ ಬೂಟು ಬಿಟ್ಟು ಬರ್ರಿ. ರಾಶಿ ಮಾಡೋ ಕಣ ಇದು."

ಪ್ರಿಯದರ್ಶಿನಿಗೆ ನಾಚಿಕೆಯಾಯಿತು. ಅವಳೂ ರೈತರ ಮನೆಯವಳೇ. ಕಣಕ್ಕೆ ಕಾಲಿಡುವ ಮುನ್ನ ಕೆರ ಬಿಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಹೊರಗೆ ಹೋಗಿ ಬೂಟು ಬಿಚ್ಚಲು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

ಸಂದಿನ ಪಕ್ಕದಲ್ಲಿ ಇನ್ನೊಂದು ಜೊತೆ ಬೂಟು ಇತ್ತು. ಓಡುವ ಬೂಟು. ಕಡುನೀಲಿ ಬಣ್ಣ. ಜೋಡಿಸಿ ಇಟ್ಟಂತೆ ಒಂದರ ಪಕ್ಕ ಒಂದು. ಶಾನವಾಜನ ಬೂಟು ಅವನ ಕಾಲಲ್ಲೇ ಇದ್ದದ್ದನ್ನು ಅವಳು ನೋಡಿದ್ದಳು.

ಗೈಬುಸಾಬ ನೋಡಿದ ಕೂಡಲೇ ಗುರುತಿಸಿದ. ಸಿಂದಗಿಯಲ್ಲಿ ಬಸವಂತರಾಯನ ತರಬೇತಿ ಕೇಂದ್ರವಿದೆ. ಪೊಲೀಸು, ಮಿಲಿಟರಿ ಭರ್ತಿಗೆ ಹೋಗುವ ಹುಡುಗರನ್ನು ಅಲ್ಲಿ ತಯಾರು ಮಾಡುತ್ತಾರೆ. ಅಲ್ಲಿ ಎಲ್ಲರಿಗೂ ಇದೇ ಬೂಟು.

"ಕಾಂತೂನೂ ಅಲ್ಲೇ ಕಲ್ತಾನ್ರಿ ಮೇಡಮ್," ಎಂದ ಗೈಬುಸಾಬ. ಆಮೇಲೆ ದನಿ ತಗ್ಗಿಸಿ, "ಹೋಗುವಾಗ ಬೂಟು ಹಾಕ್ಕೊಂಡು ಹೋಗಿದ್ದ. ಬರುವಾಗ ಬರಿಗಾಲಲೇ ಬಂದ," ಎಂದ.

ತಿಪ್ಪವ್ವ ಇನ್ನೂ ಗೊಣಗುತ್ತಿದ್ದಳು. ಕಷ್ಟಪಟ್ಟು ಒಟ್ಟಿದ ಬಣವೆಯನ್ನು ಹಿಂದಿನ ಕಡೆ ಯಾರೋ ಕೆಡವಿದ್ದಾರೆ ಎಂದಳು. ಆ ಮಾತು ಆಗ ಯಾರ ಕಿವಿಗೂ ಬೀಳಲಿಲ್ಲ.

* * *

ಸಿಂದಗಿಯ ಆಸ್ಪತ್ರೆಯಲ್ಲಿ ಡಾಕ್ಟರು ಏನನ್ನೂ ಖಾತ್ರಿಯಾಗಿ ಹೇಳಲಿಲ್ಲ. ಎಚ್ಚರವಾಗುವ ತನಕ ಕಾಯಬೇಕು ಎಂದರು. ಶಾನವಾಜನ ಹೆಂಡತಿ ಸುಲ್ತಾನಾ ಬಾಗಿಲ ಬಳಿ ಕಲ್ಲಿನಂತೆ ಕುಳಿತಿದ್ದಳು.

ಕಾರಿಡಾರಿನಲ್ಲಿ ಕರಕರ ಸಪ್ಪಳ ಕೇಳಿಸಿತು. ಬಸವಂತರಾಯ ಅತ್ತಿಂದಿತ್ತ ಓಡಾಡುತ್ತಿದ್ದ. ಎತ್ತರದ ಆಳು. ಕಾಲಲ್ಲಿ ಹೊಸ ಚಪ್ಪಲಿ. ಹಿಮ್ಮಡಿ ಹಿಂದೆ ಹೊರಗೆ ಚಾಚಿಕೊಂಡಿತ್ತು. ನರ್ಸಮ್ಮ ಎರಡು ಸಲ ಸಿಟ್ಟಿನಿಂದ ನೋಡಿದ್ದಳು. ಇಷ್ಟು ದೊಡ್ಡ ಮನುಷ್ಯ ತನ್ನ ಅಳತೆಯ ಚಪ್ಪಲಿ ಕೊಳ್ಳಬಾರದೇ ಎಂದು ಪ್ರಿಯದರ್ಶಿನಿಗೆ ಆ ಹೊತ್ತಿನಲ್ಲೂ ಅನಿಸಿತು.

ಅವನೂ ಒಂದು ಕಾಲದಲ್ಲಿ ದೇಶಕ್ಕೇ ಗೊತ್ತಿದ್ದ ಓಟಗಾರ. ಹೂವಿನ ಹಿಪ್ಪರಗಿಯ ಒಕ್ಕಲುತನದ ಮನೆಯವ. ಇವತ್ತಿನ ಓಟದ ರಸ್ತೆಯ ಉಸ್ತುವಾರಿ ಅವನದೇ ಆಗಿತ್ತು. ಪ್ರಿಯದರ್ಶಿನಿಯನ್ನು ಕಂಡದ್ದೇ ಕಣ್ಣು ತುಂಬಿಕೊಂಡ. ತಾನೂ ಶಾನವಾಜನೂ ಕೂಡಿ ಓಡಿದ ಕೊನೆಯ ರಾಷ್ಟ್ರೀಯ ಓಟದ ಕಥೆ ಹೇಳಿದ. ಗೆರೆ ಇನ್ನೇನು ಕಾಣುತ್ತಿದ್ದಾಗ ಬಸವಂತರಾಯನ ಎಡಗಾಲಿನ ಹಿಮ್ಮಡಿಯ ನರ ಹರಿದಿತ್ತು.

"ಆ ಮೆಡಲ್ ಅವಂದ ಇತ್ರಿ. ನಾ ಬಿದ್ದೆ, ಅವ ನಿಂತ. ಹಿಂದಕ್ಕ ಬಂದು ನನ್ನ ಹೆಗಲ ಮ್ಯಾಲ ಹಾಕ್ಕೊಂಡ. ಇಂಥಾವನ ಮ್ಯಾಲ ಕೈ ಮಾಡಾಕ ಯಾರಿಗೆ ಮನಸ್ಸು ಬರ್ತೈತ್ರಿ?"

ಬೂಟಿನ ಸುದ್ದಿ ಆಗಲೇ ಆಸ್ಪತ್ರೆಗೂ ಮುಟ್ಟಿತ್ತು. ಅವನು ಕೈ ಮುಗಿದು ಇನ್ನೊಂದು ಮಾತು ಹೇಳಿದ. ಕಾಂತು ಸಣ್ಣವ, ಇಷ್ಟು ದಿನ ಸೋತ ಸಿಟ್ಟಿಗೆ ತಪ್ಪು ಮಾಡಿರಬೇಕು, ಅವನ ಮೇಲೆ ಭಾಳ ಕಠಿಣ ಆಗಬೇಡಿ. ಎಷ್ಟು ದೊಡ್ಡ ಮನಸ್ಸು ಎಂದು ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ಪ್ರಿಯದರ್ಶಿನಿಯೂ ಆಡಿಸಿದಳು.

* * *

ಠಾಣೆಯ ಬೆಂಚಿನ ಮೇಲೆ ಕಾಂತು ಬರಿಗಾಲಲ್ಲಿ ಕುಳಿತಿದ್ದ. ಹೊರಗೆ ಅವನ ತಾಯಿ ಇಂದುಬಾಯಿ ಬೇಲಿ ಹಿಡಿದು ನಿಂತಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ, ಹೋಗು ಎಂದರೆ ಹೋಗಲಿಲ್ಲ.

ಕಾಂತು ಪೊಲೀಸ್ ಭರ್ತಿಯಲ್ಲಿ ಆಯ್ಕೆಯಾಗಿದ್ದ. ಮುಂದಿನ ವಾರ ತರಬೇತಿಗೆ ಹೊರಡಬೇಕು. ಆ ಮನೆಯಲ್ಲಿ ಮೊದಲ ಸರ್ಕಾರಿ ನೌಕರಿ. ಈಗ ಆರೋಪಿ ಎಂದು ಒಮ್ಮೆ ಹೆಸರು ಬರೆದರೆ ಮುಗಿಯಿತು. ಆಮೇಲೆ ಕೋರ್ಟು ಬಿಟ್ಟರೂ ನೌಕರಿ ಕಾಯುವುದಿಲ್ಲ. ಸರ್ಕಲ್ ಸಾಹೇಬರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಬೂಟು ಸಿಕ್ಕಿದೆ, ಹುಡುಗ ಬರಿಗಾಲಲ್ಲಿ ಬಂದಿದ್ದಾನೆ, ಗೆದ್ದವನೂ ಅವನೇ. ಇನ್ನೇನು ಬೇಕು? ಹೊತ್ತು ಮುಳುಗುವುದರೊಳಗೆ ಹೆಸರು ಬರೆಯಬೇಕು.

ಬೂಟು ಎಲ್ಲಿ ಎಂದರೆ ಕಾಂತು ಒಂದೇ ಮಾತು ಹೇಳುತ್ತಿದ್ದ. ಹೊಸ ಬೂಟು, ಕಚ್ಚಿತು, ಓಡಲು ಆಗಲಿಲ್ಲ, ಹಳ್ಳದ ಸೇತುವೆ ಹತ್ತಿರ ಕಿತ್ತು ಒಗೆದೆ. ಗೈಬುಸಾಬ ಹೋಗಿ ಹುಡುಕಿ ಬಂದಿದ್ದ. ಸೇತುವೆ ಬಳಿ ಬೂಟೂ ಇರಲಿಲ್ಲ, ಬೂಟಿನ ಲೇಸೂ ಇರಲಿಲ್ಲ.

"ಓಟ ಶುರು ಆಗೂ ಮುಂಚೆ ಶಾನವಾಜ ನಿನ್ನ ಕೈ ಹಿಡಿದು ಏನೋ ಅಂದ. ಎಲ್ಲಾರೂ ನೋಡ್ಯಾರ. ಏನಂದ?"

ಕಾಂತು ನೆಲ ನೋಡಿದ. ಕೇಳಿ ಕೇಳಿ ಸಾಕಾಯಿತು. ಬಾಯಿ ಬಿಡಲಿಲ್ಲ.

ಪ್ರಿಯದರ್ಶಿನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿಗಿಂತ ಹೆಚ್ಚಾಗಿ ಸಂಕಟ. ಈ ಹುಡುಗ ಗೆರೆ ದಾಟಿದ ಮರುಕ್ಷಣ ಕೇಳಿದ ಪ್ರಶ್ನೆ ಅವಳ ಕಿವಿಯಲ್ಲೇ ಇತ್ತು. ಹೊಡೆದು ಬಂದವನು ಹಾಗೆ ಕೇಳಬಲ್ಲನೇ? ಕೇಳಬಹುದು, ನಾಟಕವೂ ಇರಬಹುದು. ಸಂಗಮೇಶನನ್ನೂ ಕರೆಸಿ ನೋಡಿದ್ದಳು. ಅವನು ದಾರಿಯುದ್ದಕ್ಕೂ ಹತ್ತಾರು ಹುಡುಗರ ಗುಂಪಿನಲ್ಲೇ ಓಡಿದ್ದ. ಆ ದಾರಿ ಮುಚ್ಚಿತ್ತು.

ಮೇಜಿನ ಮೇಲಿದ್ದ ನೀಲಿ ಬೂಟನ್ನು ಎತ್ತಿಕೊಂಡಳು. ಎಡಗಾಲಿನದರ ಒಳಗೆ ಬೆರಳು ಹಾಕಿದಳು. ಹಿಮ್ಮಡಿಯ ಕೆಳಗೆ ಮಡಿಸಿದ ಚರ್ಮದ ತುಂಡು. ಬಲಗಾಲಿನದರಲ್ಲಿ ಇರಲಿಲ್ಲ. ಬೂಟು ದೊಡ್ಡದಾಗಿರಬೇಕು, ಅದಕ್ಕೆ ತುರುಕಿದ್ದಾನೆ ಎಂದುಕೊಂಡಳು.

ಅದೇ ಹೊತ್ತಿಗೆ ದೇವಣಗಾಂವದ ರಾವಸಾಬ ಬಂದ. ಓಟದ ಕಮಿಟಿಯ ಅಧ್ಯಕ್ಷ. ಮುಖ ಸಪ್ಪಗಾಗಿತ್ತು. ಶಾನವಾಜನ ಬಗ್ಗೆ ಏನೋ ಹೇಳಲು ಬಂದಿದ್ದಾನೆಂದು ಪ್ರಿಯದರ್ಶಿನಿ ಕುರ್ಚಿ ಕೊಟ್ಟಳು. ಅವನು ಬಂದದ್ದು ತನ್ನ ಚಪ್ಪಲಿ ಕಳವಾಗಿದೆ ಎಂದು ಹೇಳಲು. ವೇದಿಕೆಯ ಕೆಳಗೆ ಬಿಟ್ಟು ಮೇಲೆ ಹತ್ತಿದ್ದನಂತೆ. ಇಳಿದು ನೋಡಿದರೆ ಇಲ್ಲ.

"ಮಗಳ ಲಗ್ನಕ್ಕಂತ ತಗೊಂಡಿದ್ನಿ ಮೇಡಮ್. ಇನ್ನೂ ಕರಕರ ಸಪ್ಪಳ ಸೈತ ಹೋಗಿದ್ದಿಲ್ಲ."

ಇಲ್ಲಿ ಒಬ್ಬನ ತಲೆ ಒಡೆದಿದೆ, ನಿಮಗೆ ಚಪ್ಪಲಿಯ ಚಿಂತೆಯೇ ಎಂದು ಪ್ರಿಯದರ್ಶಿನಿ ಎಗರಿದಳು. ರಾವಸಾಬ ಬಡಬಡನೆ ಎದ್ದು ಹೋದ. ಅವಳು ಎರಡು ಗುಟುಕು ಚಹಾ ಕುಡಿದು, ಗೈಬುಸಾಬನನ್ನು ಕರೆದುಕೊಂಡು, ಆ ಸೇತುವೆಯನ್ನು ತಾನೇ ನೋಡುತ್ತೇನೆಂದು ಹೊರಟಳು.

* * *

ಸೇತುವೆಯ ಹತ್ತಿರ ಏನೂ ಇರಲಿಲ್ಲ. ಒಣ ಹಳ್ಳ, ಜಾಲಿಗಿಡ, ಕುರಿಹಿಕ್ಕೆ.

ಕುರಿಹಿಕ್ಕೆ ಹಸಿಯಾಗಿತ್ತು. ಪೈಲಟ್ ಬೈಕಿನವನನ್ನು ತಡೆದ ಕುರಿಹಿಂಡು ಅವಳಿಗೆ ನೆನಪಾಯಿತು. ಹಿಂಡು ರಸ್ತೆ ದಾಟಿ ಹಳ್ಳಕ್ಕೆ ಇಳಿದಿತ್ತು. ಇಬ್ಬರೂ ಹಳ್ಳದ ಗುಂಟ ನಡೆದರು. ಬಿಸಿಲು ಇಳಿಯುತ್ತಿತ್ತು. ಹೊತ್ತು ಮುಳುಗುವುದರೊಳಗೆ ಎಂಬ ಮಾತು ಅವಳ ಬೆನ್ನಟ್ಟಿತ್ತು. ನಡಿಗೆ ಓಟವಾಯಿತು. ಗೈಬುಸಾಬ ಏದುಸಿರು ಬಿಡುತ್ತ ಹಿಂದೆ ಬಿದ್ದ.

ತಿರುವಿನಾಚೆ ಬಂಡೆಯ ಮೇಲೆ ಕುರುಬರ ಗುರಲಿಂಗಪ್ಪ ಕುಳಿತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಮುಂದೆ ಚಾಚಿದ ಎರಡು ಕಾಲುಗಳಲ್ಲಿ ಫಳಫಳ ಹೊಳೆಯುವ ಕಡುನೀಲಿ ಬೂಟು. ಮುದುಕ ತಲೆ ಓರೆ ಮಾಡಿ ಅವನ್ನೇ ನೋಡುತ್ತ ಸುಖವಾಗಿದ್ದ.

ಪೊಲೀಸರನ್ನು ಕಂಡು ಗಾಬರಿಬಿದ್ದು ಬಿಚ್ಚಲು ಹೋದ.

"ನನ್ನವಲ್ರಿ ಯವ್ವಾ. ಸೇತುವಿ ಬಾಜೂಕ ಬಿದ್ದಿದ್ವು. ಒಂದು ಈ ಕಡೆ, ಒಂದು ಆ ಕಡೆ. ಒಗದಾರಂತ ತಿಳದು ಹಾಕ್ಕೊಂಡ್ನಿ. ಭಾಳ ಮೆತ್ತಗ ಅದಾವ್ರಿ."

ಪ್ರಿಯದರ್ಶಿನಿ ಅವನ ಮುಂದೆ ಮಣ್ಣಿನಲ್ಲೇ ಕುಳಿತು ಬೂಟು ಕೈಗೆ ತೆಗೆದುಕೊಂಡಳು. ಒಳಗೆ, ಹಿಮ್ಮಡಿ ಉಜ್ಜುವ ಜಾಗದಲ್ಲಿ, ಒಣಗಿದ ರಕ್ತ. ಠಾಣೆಯ ಬೆಂಚಿನ ಕೆಳಗೆ ಕಾಂತುವಿನ ಹಿಮ್ಮಡಿ ಸುಲಿದು ಕೆಂಪಗಾಗಿದ್ದು ಅವಳ ಕಣ್ಣ ಮುಂದೆ ಬಂತು. ಹುಡುಗ ಸುಳ್ಳು ಹೇಳಿರಲಿಲ್ಲ. ಅವನ ಬೂಟು ಇಲ್ಲಿದೆ.

ಹಾಗಾದರೆ ಕಣದ ಅಂಚಿನಲ್ಲಿದ್ದ ಬೂಟು ಯಾರದು?

ಬೂಟು ಕಣದಲ್ಲಿ ಬಿಟ್ಟವನು ಬರಿಗಾಲಲ್ಲಿ ಹೋಗಿರಬೇಕು. ಬರಿಗಾಲಲ್ಲಿ ಊರಿಗೆ ಬಂದವನು ಕಾಂತು ಒಬ್ಬನೇ ಎಂದುಕೊಂಡಿದ್ದರು. ಇನ್ನೊಬ್ಬನೂ ಬಂದಿದ್ದ. ಬಂದವನು ಯಾರಿಗೂ ಕಾಣದ ಹಾಗೆ ಕಾಲಿಗೆ ಏನಾದರೂ ಹುಡುಕಿಕೊಳ್ಳಬೇಕಿತ್ತು. ವೇದಿಕೆಯ ಕೆಳಗೆ ಸಾಲಾಗಿ ಚಪ್ಪಲಿಗಳಿದ್ದವು.

"ರಾವಸಾಬರ ಚಪ್ಪಲಿ," ಎಂದಳು. ಅಂದವಳು ಎದ್ದು ಜೀಪಿನತ್ತ ಓಡಿದಳು. ಗುರಲಿಂಗಪ್ಪನಿಗೆ ಹೊಸ ಬೂಟು ಕೊಡಿಸುತ್ತೇನೆಂದು ತಿರುಗಿ ಕೂಗಿದಳು. ಮುದುಕ ನಂಬಿದಂತೆ ಕಾಣಲಿಲ್ಲ.

* * *

ಠಾಣೆಗೆ ಬಂದದ್ದೇ ಹಳ್ಳದಲ್ಲಿ ಸಿಕ್ಕ ಬೂಟನ್ನು ಕಾಂತುವಿನ ಮುಂದಿಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ನಿನ್ನ ಮಾತು ಖರೇ ಐತಿ ಅಂತ ಗೊತ್ತಾತು. ಇನ್ನ ಉಳಿದದ್ದೂ ಹೇಳು. ಹೇಳದಿದ್ರ ನಿನ್ನ ನಾ ಉಳಸಾಕ ಆಗೂದಿಲ್ಲ."

ಆಗ ಕಾಂತು ಹೇಳಿದ. ಬಸವಂತರಾಯ ಓಟದ ದಿನ ತನ್ನ ಹುಡುಗರಿಗೆ ಒಂದು ಗುಳಿಗೆ ನುಂಗಿಸುತ್ತಿದ್ದ. ನುಂಗಿದರೆ ದಣಿವೇ ಗೊತ್ತಾಗುವುದಿಲ್ಲ. ಆಮೇಲೆ ಎರಡು ದಿನ ಎದೆ ಹೊಡೆದುಕೊಳ್ಳುತ್ತದೆ. ಮುದ್ದೇಬಿಹಾಳದ ಓಟದಲ್ಲಿ ಮುತ್ತುರಾಜ ಎಂಬ ಹುಡುಗ ಬಾಯಲ್ಲಿ ನೊರೆ ಬಂದು ಬಿದ್ದಿದ್ದ. ಬಿಸಿಲಿಗೆ ಬಿದ್ದ ಎಂದು ಎಲ್ಲರನ್ನೂ ನಂಬಿಸಿದ್ದರು. ಶಾನವಾಜ ನಂಬಲಿಲ್ಲ. ಹುಡುಗರ ಪಕ್ಕದಲ್ಲೇ ಓಡುವವನಿಗೆ ಅವರ ಉಸಿರು ಕೇಳಿಸುತ್ತದೆ, ಕಣ್ಣು ಕಾಣಿಸುತ್ತದೆ. ದಂಡೆಯಲ್ಲಿ ಕುರ್ಚಿ ಹಾಕಿ ಕೂತವರಿಗೆ ಕಾಣದ್ದು ಅವನಿಗೆ ಕಂಡಿತ್ತು.

"ಇವತ್ತ ಗುಳಿಗಿ ನುಂಗಬ್ಯಾಡ ಅಂತ ಕೈ ಹಿಡಿದು ಹೇಳಿದ್ರು. ಬಕ್ಷೀಸ್ ಕೊಡೂ ಮುಂದ ಸ್ಟೇಜ್ ಮ್ಯಾಲ ಎಲ್ಲಾ ಹೇಳ್ತೇನಿ ಅಂದ್ರು. ಬಸವಂತರಾಯ ಸರ್ ಹಿಂದ ನಿಂತು ಕೇಳಸ್ಕೊಂಡ್ರು. ನಾ ನುಂಗಲಿಲ್ರಿ."

ಇದನ್ನು ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಲಿಲ್ಲ. ಭರ್ತಿಯ ಓಟದ ದಿನವೂ ಆ ಗುಳಿಗೆ ಕೊಟ್ಟಿದ್ದರೆ? ತಾನು ನುಂಗಿದ್ದೆ ಎಂದರೆ ನೌಕರಿ ಹೋಗುತ್ತದೆಂಬ ಹೆದರಿಕೆ ಹುಡುಗನ ಮುಖದಲ್ಲೇ ಇತ್ತು. ಅವನೇ ಮೆಲ್ಲಗೆ ಹೇಳಿದ. ಆ ದಿನ ಗುಳಿಗೆಯನ್ನು ಅಂಗೈಯಲ್ಲೇ ಇಟ್ಟುಕೊಂಡು ಆಮೇಲೆ ಒಗೆದನಂತೆ. ಯಾರು ನಂಬುತ್ತಾರೆ ಎಂದು ಸುಮ್ಮನಿದ್ದನಂತೆ.

"ನಾ ನಂಬತೇನಿ," ಎಂದಳು ಪ್ರಿಯದರ್ಶಿನಿ.

* * *

ಹೊತ್ತು ಮುಳುಗಲು ಇನ್ನೂ ತುಸು ಸಮಯವಿತ್ತು. ಎಲ್ಲರೂ ಮತ್ತೆ ತಿಪ್ಪವ್ವನ ಕಣದ ಹತ್ತಿರ ನೆರೆದರು. ಓಟದ ರಸ್ತೆ ತೋರಿಸಿಕೊಡಬೇಕೆಂದು ಬಸವಂತರಾಯನನ್ನು ಆಸ್ಪತ್ರೆಯಿಂದ ಕರೆಸಿದ್ದಳು. ಸರ್ಕಲ್ ಸಾಹೇಬರೂ ಬಂದಿದ್ದರು. ಮುಖ ಬಿಗಿದುಕೊಂಡಿತ್ತು.

ಪ್ರಿಯದರ್ಶಿನಿ ಬೂಟು ಬಿಚ್ಚಿ ಒಳಗೆ ಹೋಗಿ ನಿಂತಳು. ಒಳಗೆ ಬರ್ರಿ ಎಂದು ಬಸವಂತರಾಯನನ್ನು ಕರೆದಳು. ಅವನು ಸಂದಿನ ಬಳಿ ಬಂದ. ನಿಂತ. ಅವನ ಲಕ್ಷ್ಯವೆಲ್ಲ ಅವಳ ಮುಖದ ಮೇಲಿತ್ತು. ಕಾಲು ಮಾತ್ರ ತನ್ನ ಕೆಲಸ ತಾನು ಮಾಡಿತು. ಚಪ್ಪಲಿ ಕಳಚಿ ಬದಿಗೆ ಸರಿಸಿ, ಬರಿಗಾಲಲ್ಲಿ ಒಳಗೆ ಬಂದ.

ಹಿಂದೆ ನಿಂತಿದ್ದ ರಾವಸಾಬ ಬಗ್ಗಿ ನೋಡಿದ. "ಇವು ನನ್ನವೇ," ಎಂದ.

ಬಸವಂತರಾಯ ನಕ್ಕ. ಗದ್ದಲದಲ್ಲಿ ಅದಲುಬದಲಾಗಿರಬೇಕು, ತಗೊಳ್ಳಿ ಎಂದ.

"ಹಂಗಾದ್ರ ನಿಮ್ಮವು ಎಲ್ಲಿ ಅದಾವ್ರಿ? ಅದಲುಬದಲಾದ್ರ ಸ್ಟೇಜ್ ಕೆಳಗ ಒಂದು ಜೋಡಿ ಉಳೀಬೇಕಲ್ಲ. ಒಂದೂ ಉಳಿದಿಲ್ಲ. ಮುಂಜಾನೆ ನೀವು ಬೂಟು ಹಾಕ್ಕೊಂಡಿದ್ರಿ. ನಾನೇ ನೋಡೇನಿ."

ನಗು ಅಲ್ಲೇ ನಿಂತಿತು. ಅವಳು ಗೈಬುಸಾಬನ ಕೈಯಿಂದ ನೀಲಿ ಬೂಟು ತೆಗೆದುಕೊಂಡಳು. ಈಗ ಅವಳ ಮಾತಿಗೆ ಓಟ ಬಂದಿತ್ತು.

ಈ ಕಣ ನೋಡಿ ಎಂದಳು. ಸಾರಿಸಿದ ನೆಲದ ಮೇಲೆ ಎರಡೇ ಥರದ ಬೂಟಿನ ಗುರುತು. ಒಂದು ನಾನೂ ಗೈಬುಸಾಬನೂ ಹಾಕುವ ಪೊಲೀಸ್ ಬೂಟಿನದು, ಇನ್ನೊಂದು ಶಾನವಾಜನದು. ನಾನೂ ಶಾನವಾಜನೂ ರೈತರ ಮಕ್ಕಳೇ. ಆದರೂ ಬೂಟು ಬಿಡಲಿಲ್ಲ, ಯಾಕೆಂದರೆ ಇಬ್ಬರೂ ಕಾಲಿನ ಕಡೆ ನೋಡದಷ್ಟು ಅವಸರದಲ್ಲಿ ಓಡಿ ಬಂದಿದ್ದೆವು. ಹೊಡೆದವನಿಗೆ ಆ ಅವಸರ ಇರಲಿಲ್ಲ. ಅವನು ಮೊದಲೇ ಬಂದು ಕಾದಿದ್ದ. ಅದಕ್ಕೇ ಬೂಟು ಬಿಚ್ಚಿ ಜೋಡಿಸಿ ಇಟ್ಟು ಒಳಗೆ ಹೋದ. ಒಬ್ಬನ ತಲೆ ಒಡೆಯಲು ಬಂದವನೂ ರಾಶಿಯ ನೆಲಕ್ಕೆ ಕೆರ ಹಾಕಿಕೊಂಡು ಕಾಲಿಡಲಿಲ್ಲ. ಓಡುತ್ತಿದ್ದ ಕಾಂತುವಿಗೆ ಲೇಸು ಬಿಚ್ಚುತ್ತ ಕೂರಲು ಪುರುಸೊತ್ತೆಲ್ಲಿತ್ತು?

ಸರ್ಕಲ್ ಸಾಹೇಬರು ಮುಂದೆ ಬಂದು ನೆಲ ನೋಡಿದರು. ತಿಪ್ಪವ್ವ ಕೆಮ್ಮಿದಳು. ಸಾಹೇಬರು ಹಿಂದೆ ಸರಿದು ಬೂಟು ಬಿಚ್ಚಿದರು.

ಪ್ರಿಯದರ್ಶಿನಿ ಕೆಡವಿದ ಬಣವೆಯತ್ತ ಕೈ ಮಾಡಿದಳು. ಹೊಡೆದ ಮೇಲೆ ಕಾಂತು ಬರುವ ಸದ್ದು ಕೇಳಿತು. ಸಂದಿನ ಕಡೆ ಹೋದರೆ ರಸ್ತೆಯಿಂದ ಕಾಣುತ್ತದೆ. ಅದಕ್ಕೇ ಹಿಂದಿನ ಬಣವೆ ಹತ್ತಿ ಆಚೆ ಜಿಗಿದ. ಹೊಲದ ದಾರಿಯಲ್ಲಿ ಅವನ ಬೈಕು ನಿಂತಿರಬೇಕು. ಬೂಟು ಮಾತ್ರ ಈಚೆ ಉಳಿಯಿತು. ಕಾಂತುವಿನ ಬೆನ್ನಿಗೆ ಇನ್ನಷ್ಟು ಹುಡುಗರು ಬರುತ್ತಲೇ ಇದ್ದರು, ಮರಳಿ ಬರಲಾಗಲಿಲ್ಲ. ಊರಿಗೆ ಹೋಗಿ ವೇದಿಕೆಯ ಗದ್ದಲದಲ್ಲಿ ಸೇರಿಕೊಂಡ. ಅಲ್ಲಿ ಎಲ್ಲರೂ ಬರಿಗಾಲೇ, ಯಾರಿಗೂ ಗೊತ್ತಾಗಲಿಲ್ಲ. ಇಳಿಯುವಾಗ ಸಿಕ್ಕ ಚಪ್ಪಲಿ ಮೆಟ್ಟಿದ. ಮೆಟ್ಟಿದ್ದು ಸಣ್ಣ ಅಳತೆಯದು.

ಬಸವಂತರಾಯ ಬೆವರುತ್ತಿದ್ದ. ಇಂಥ ಬೂಟು ನನ್ನ ಕೇಂದ್ರದ ಎಲ್ಲ ಹುಡುಗರ ಹತ್ತಿರವೂ ಇದೆ ಎಂದ.

ಅವಳು ಎಡಗಾಲಿನ ಬೂಟಿನಿಂದ ಚರ್ಮದ ತುಂಡು ಹೊರಗೆಳೆದಳು.

"ಇದು ಎಲ್ಲಾ ಹುಡುಗೂರ ಹತ್ರ ಇರೂದಿಲ್ರಿ. ಎಡಗಾಲಿನ ಹಿಮ್ಮಡಿ ನರ ಹರಿದವಂಗ ಬೇಕಾಗತೈತಿ. ನೀವೇ ಹೇಳಿದ್ರಿ, ದವಾಖಾನ್ಯಾಗ."

ಎಲ್ಲರ ಕಣ್ಣು ಅವನ ಕಾಲಿಗೆ ಹೋಯಿತು. ಬರಿಗಾಲಲ್ಲಿ ನಿಂತಿದ್ದ ಬಸವಂತರಾಯನ ಎಡ ಹಿಮ್ಮಡಿ ನೆಲಕ್ಕೆ ಪೂರ್ತಿ ಊರಿರಲಿಲ್ಲ. ಗೈಬುಸಾಬ ಅವನ ಮಗ್ಗುಲಿಗೆ ಬಂದು ನಿಂತ.

ಬಸವಂತರಾಯ ಕಾಲು ಹಿಂದಕ್ಕೆಳೆದುಕೊಂಡ. ಆಮೇಲೆ ಗಟ್ಟಿಯಾಗಿ ಹೇಳಿದ. ಬೂಟು ಬಿಟ್ಟದ್ದು ನಿಜ, ಅದು ಓಟಕ್ಕೂ ಮುಂಚೆ, ದಾರಿ ನೋಡಲು ಬಂದಾಗ. ತಾನು ಹೊಡೆದದ್ದನ್ನು ಕಂಡವರು ಯಾರಿದ್ದಾರೆ? ಮುಂದೆ ಓಡುತ್ತಿದ್ದ ಶಾನವಾಜ ಓಟ ಬಿಟ್ಟು ಇಲ್ಲಿಗೆ ಯಾಕೆ ಬಂದ, ಅದಕ್ಕೆ ಉತ್ತರ ಕೊಡಿ ಎಂದ. ಆ ಒಂದು ಉತ್ತರ ಮಾತ್ರ ಪ್ರಿಯದರ್ಶಿನಿಯ ಬಳಿ ಇರಲಿಲ್ಲ. ಸರ್ಕಲ್ ಸಾಹೇಬರು ಅವಳ ಮುಖ ನೋಡಿದರು. ಕಾಂತುವಿನ ಹೆಸರು ಇನ್ನೂ ಗಾಳಿಯಲ್ಲೇ ತೂಗುತ್ತಿತ್ತು.

ಆಗ ಫೋನು ಬಂತು. ಸುಲ್ತಾನಾ ಮಾತಾಡುತ್ತಿದ್ದಳು. ಶಾನವಾಜ ಕಣ್ಣು ಬಿಟ್ಟಿದ್ದ.

* * *

ಜೀಪು ಅಷ್ಟು ಜೋರಾಗಿ ಓಡಿದ್ದು ಅದೇ ಮೊದಲು. ದಾರಿಯಲ್ಲಿ ಠಾಣೆಯ ಮುಂದೆ ನಿಲ್ಲಿಸಿ ಕಾಂತುವನ್ನೂ ಹತ್ತಿಸಿಕೊಂಡರು. ಇಂದುಬಾಯಿ ಯಾರೂ ಕರೆಯದೆಯೇ ಹಿಂದೆ ಹತ್ತಿ ಕುಳಿತಳು.

ಶಾನವಾಜನ ತಲೆಗೆ ದಪ್ಪ ಪಟ್ಟಿ ಕಟ್ಟಿದ್ದರು. ಮುಖ ಬಿಳಿಚಿತ್ತು. ಹೆಚ್ಚು ಮಾತಾಡಿಸಬೇಡಿ ಎಂದು ಡಾಕ್ಟರು ಎಚ್ಚರಿಸಿದರು. ಬಾಗಿಲಲ್ಲಿ ಅಳುಕುತ್ತ ನಿಂತ ಕಾಂತುವನ್ನು ಕಂಡು ಅವನು ಬೆರಳೆತ್ತಿದ. ನೀನೇ ಮೊದಲು ಬಂದೆಯಾ ಎಂದು ಕಣ್ಣಲ್ಲೇ ಕೇಳಿದ. ಕಾಂತು ತಲೆಯಾಡಿಸಿದ. ಗುಳಿಗೆ ನುಂಗದೆ ಗೆದ್ದ ಹುಡುಗನನ್ನು ನೋಡುತ್ತ ಶಾನವಾಜನ ಮುಖ ಅರಳಿತು.

ಪ್ರಿಯದರ್ಶಿನಿ ಮಂಚದ ಬಳಿ ಬಗ್ಗಿ, ನಿಮ್ಮನ್ನು ಹೊಡೆದವರು ಯಾರೆಂದು ಗೊತ್ತೇ ಎಂದು ಕೇಳಿದಳು. ಸರ್ಕಲ್ ಸಾಹೇಬರು ಹಿಂದೆಯೇ ನಿಂತಿದ್ದರು.

ಶಾನವಾಜ ಇಲ್ಲವೆಂದು ಕಣ್ಣು ಮುಚ್ಚಿ ತೆರೆದ. ಹಿಂದಿನಿಂದ ಏನೋ ಬಿತ್ತು, ಅಷ್ಟೇ ಗೊತ್ತು ಎಂದ. ಆಗ ಅವನು ಅವಳ ತೋಳು ಹಿಡಿದುಕೊಂಡ. ದನಿ ಕ್ಷೀಣವಾಗಿತ್ತು, ಆತಂಕ ಮಾತ್ರ ಸ್ಪಷ್ಟವಾಗಿತ್ತು.

"ಅದಿರಲಿ ಮೇಡಮ್. ಬಸವಂತನ ಕಾಲು ಹೆಂಗೈತ್ರಿ? ಕಣದಾಗ ಕಾಲು ಹಿಡಕೊಂಡು ಬಿದ್ದು ಒದ್ದಾಡಾಕತ್ತಿದ್ದ. ನನ್ನ ಹೆಸರು ಹಿಡಿದು ಒದರಾಕತ್ತಿದ್ದ. ಓಡಿ ಹೋದೆ, ಎಬ್ಬಿಸಿ ನಿಂದ್ರಿಸಿದೆ, ಹೆಗಲ ಕೊಡಾಕ ತಿರುಗಿ ಬಗ್ಗಿದೆ. ಆಮ್ಯಾಲ ಏನಾತೋ ಗೊತ್ತಿಲ್ಲ. ಅವನ್ನ ಯಾರರ ದವಾಖಾನಿಗೆ ಒಯ್ದರೇನು?"

ಸರ್ಕಲ್ ಸಾಹೇಬರು ಹೊರಗೆ ಹೋಗಿ ಗೈಬುಸಾಬನಿಗೆ ಫೋನು ಮಾಡಿದರು. ಬಸವಂತರಾಯನಿಗೆ ಕೈಕೋಳ ಹಾಕಲು ಹೇಳಿದರು. ಕಾಂತುವಿನ ತಾಯಿಯ ಹತ್ತಿರ ನಿಂತು, ಮಗನ ಬಟ್ಟೆಬರೆ ಕಟ್ಟಿಡವ್ವ, ಮುಂದಿನ ವಾರ ಕಳಿಸಬೇಕಲ್ಲ ಎಂದರು.

ಒಳಗೆ ಪ್ರಿಯದರ್ಶಿನಿ ಶಾನವಾಜನ ಹೊದಿಕೆ ಸರಿಪಡಿಸಿದಳು. ನಿಜವನ್ನು ನಾಳೆ ಹೇಳಿದರಾಯಿತು ಎಂದುಕೊಂಡಳು. ಬಿದ್ದವನು ಕೂಗಿದರೆ ಇವನು ಓಟ ಬಿಟ್ಟು ನಿಂತೇ ನಿಲ್ಲುತ್ತಾನೆಂದು ಇವನಿಗಿಂತ ಚೆನ್ನಾಗಿ ಗೊತ್ತಿದ್ದವನು ಒಬ್ಬನೇ ಇದ್ದ.

"ಅವರ ಕಾಲಿಗೆ ಏನೂ ಆಗಿಲ್ರಿ," ಎಂದಳು.

"ಛಲೋ ಆತು ಬಿಡ್ರಿ," ಎಂದು ಶಾನವಾಜ ನೆಮ್ಮದಿಯಿಂದ ಕಣ್ಣು ಮುಚ್ಚಿದ.

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಕಾಂತು ಆಗ ಗೋಡೆಗೆ ಮುಖ ಮಾಡಿ ಅತ್ತ.